ಟ್ರೇಲರ್ ಹಬ್‌ನಲ್ಲಿ ಹಳೇದು ಕೆಂಪು ಗ್ರೀಸ್, ಹೊಸದು ನೀಲಿ. ಬೆರೆಸಬಹುದಾ?

ಕಬ್ಬಿನ ಟ್ರೇಲರ್‌ನ ಹಬ್‌ನಲ್ಲಿ (ಚಕ್ರದ ನಡುವೆ ಬೇರಿಂಗ್ ಕೂರುವ ಭಾಗ) ಈಗಿರೋದು ಯಾವುದೋ ಕೆಂಪು ಗ್ರೀಸ್, ಅಂಗಡಿಯವರು ಕೊಟ್ಟದ್ದು ನೀಲಿ, ಅದರ ಮೇಲೇ ಇದನ್ನು ತುಂಬಬಹುದಾ ಅಂತ ಕೇಳಿದ್ದೀರಿ. ಹಳೇದು ಯಾವುದು ಅಂತ ಗೊತ್ತಿಲ್ಲದಿದ್ದರೆ ಬೇಡ. ಪೂರ್ತಿ ತೊಳೆದು ಹಾಕಿ.

ಬಣ್ಣ ನೋಡಿ ಏನೂ ತಿಳಿಯಲ್ಲ, ಅದು ಕಂಪನಿ ಹಾಕುವ ಡೈ ಅಷ್ಟೇ. ನೋಡಬೇಕಾದ್ದು ಸೋಪು, ಅಂದರೆ ಆಯಿಲನ್ನು ಗಟ್ಟಿಯಾಗಿ ಹಿಡಿದಿಡುವ ಪದಾರ್ಥ. ಲಿಥಿಯಂ, ಕ್ಯಾಲ್ಸಿಯಂ ಅಂತ ಗ್ರೀಸಿನ ಜಾತಿ ಹೇಳುವುದು ಇದರಿಂದಲೇ. ಹೊಂದದ ಎರಡು ಜಾತಿ ಬೆರೆತರೆ ಆ ಹಿಡಿತ ಸಡಿಲಾಗುತ್ತದೆ, ಹಬ್ ಬಿಸಿಯಾದಾಗ ಆಯಿಲ್ ತೆಳ್ಳಗಾಗಿ ಸೀಲ್ ದಾಟಿ ಹೊರಬರುತ್ತದೆ, ಬೇರಿಂಗ್ ಒಣಗುತ್ತದೆ. ಕೆಲವು ಜೋಡಿ ಇದಕ್ಕೆ ತಿರುಗುಮುರುಗು, ಗಟ್ಟಿಯಾಗಿಬಿಡುತ್ತವೆ.

ಲಿಥಿಯಂ ಮತ್ತು ಲಿಥಿಯಂ ಕಾಂಪ್ಲೆಕ್ಸ್ ಸಾಮಾನ್ಯವಾಗಿ ಒಂದಕ್ಕೊಂದು ಹೊಂದುತ್ತವೆ. ಲಿಥಿಯಂ ಜೊತೆ ಸೋಡಿಯಂ ಅಥವಾ ಬೆಂಟೋನೈಟ್ ಜೇಡಿಯ ಗ್ರೀಸ್ ಬೇಡವೇ ಬೇಡ. ಪಾಲಿಯೂರಿಯಾ ಅನ್ನುವ, ಸೋಪಿಲ್ಲದ ಜಾತಿಯ ಗ್ರೀಸನ್ನೂ ದೂರ ಇಡಿ. ಹಬ್‌ಗೆ ಲಿಥಿಯಂ ಗ್ರೀಸ್, ಎನ್‌ಎಲ್‌ಜಿಐ (ಗ್ರೀಸ್ ಎಷ್ಟು ಗಟ್ಟಿ ಅನ್ನುವ ನಂಬರ್) 2 ಅಥವಾ 3 ಸಾಕು. ಅಂಗಡಿಯಲ್ಲಿ ಎಪಿ-3 ಅಂತ ಸಿಗುವುದು ಹೆಚ್ಚಾಗಿ ಇದೇ, ಆದರೂ ಡಬ್ಬದ ಮೇಲೆ ಓದಿಯೇ ತಗೊಳ್ಳಿ. ಅಗ್ಗದ ಚಾಸಿ ಗ್ರೀಸ್ ಸಾಮಾನ್ಯವಾಗಿ ಕ್ಯಾಲ್ಸಿಯಂನದು, 100 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ. ಪಟ್ಟಾ ಪಿನ್ನಿಗೆ ಸರಿ, ಹಬ್‌ಗೆ ಅಲ್ಲ. ಲಿಥಿಯಂ 180 ಡಿಗ್ರಿವರೆಗೆ ಕರಗಲ್ಲ.

ಈಗ ಕೆಲಸ. ಇನ್ನೊಂದು ಚಕ್ರಕ್ಕೆ ಕಲ್ಲು ಕೊಟ್ಟು ಜಾಕ್ ಎತ್ತಿ, ಆಕ್ಸಲ್ ಕೆಳಗೆ ದಿಮ್ಮಿ ಇಡಿ, ಬರೀ ಜಾಕ್ ನಂಬಬೇಡಿ. ಡಸ್ಟ್ ಕ್ಯಾಪ್, ಕಾಟರ್ ಪಿನ್ (ನಟ್ ತಿರುಗದಂತೆ ತಡೆಯುವುದು), ನಟ್, ವಾಶರ್ ತೆಗೆದು ಹಬ್ ಎಳೆಯಿರಿ. ಬೇರಿಂಗ್, ಕಪ್ (ಬೇರಿಂಗ್ ಕೂರುವ ಹೊರ ಬಳೆ), ಹಬ್ ಒಳಭಾಗ ಎಲ್ಲ ಸೀಮೆಎಣ್ಣೆ ಇಲ್ಲವೇ ಡೀಸೆಲ್‌ನಲ್ಲಿ ತೊಳೆದು ಪೂರ್ತಿ ಒಣಗಿಸಿ, ಉಳಿದ ಡೀಸೆಲ್ ಹೊಸ ಗ್ರೀಸನ್ನೇ ತೆಳ್ಳಗೆ ಮಾಡುತ್ತದೆ. ಏರ್ ಹೊಡೆದು ಬೇರಿಂಗ್ ಗಿರಗಿರ ತಿರುಗಿಸಬೇಡಿ. ರೋಲರ್ ಅಥವಾ ಕಪ್ ನೀಲಿಗಟ್ಟಿದ್ದರೆ, ಸಣ್ಣ ಗುಳಿ ಬಿದ್ದಿದ್ದರೆ ಎರಡನ್ನೂ ಜೋಡಿಯಾಗಿ ಬದಲಿಸಿ.

ಅಂಗೈಯಲ್ಲಿ ನಿಂಬೆಹಣ್ಣಿನಷ್ಟು ಗ್ರೀಸ್ ಇಟ್ಟು, ಬೇರಿಂಗ್‌ನ ಅಗಲದ ಬದಿ ಅದಕ್ಕೆ ಒತ್ತುತ್ತಾ ಸುತ್ತಿಸಿ. ಕಿರಿದಾದ ಬದಿಯಲ್ಲಿ ರೋಲರ್ ಸಂದುಗಳಿಂದ ಹುಳುಹುಳುವಾಗಿ ಹೊರಬರುವವರೆಗೂ ಒತ್ತಬೇಕು. ಮೇಲೆ ಸವರಿದರೆ ಏನೂ ಪ್ರಯೋಜನ ಇಲ್ಲ. ಹಬ್‌ನ ಖಾಲಿ ಜಾಗಕ್ಕೆ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಸಾಕು. ತುಂಬಿ ತುಳುಕಿಸಿದರೆ ಗ್ರೀಸ್ ಕಡೆದುಕೊಂಡು ಹಬ್ ಬಿಸಿಯಾಗುತ್ತದೆ, ಸೀಲ್ ಹೊರದಬ್ಬುತ್ತದೆ. ಸೀಲ್ ಹೊಸದೇ ಹಾಕಿ, ತುಟಿಗೆ ಸ್ವಲ್ಪ ಗ್ರೀಸ್ ಸವರಿ.

ನಟ್ ಬಿಗಿಯುವಾಗ ಹಬ್ ತಿರುಗಿಸುತ್ತಿರಿ. ಬಿಗಿ ಸಿಕ್ಕ ಮೇಲೆ ಸಡಿಲಿಸಿ ಕೈಯಲ್ಲೇ ಬಿಗಿದು, ಪಿನ್ ತೂತು ಕೂರದಿದ್ದರೆ ಹಿಂದಕ್ಕೆ ತಿರುಗಿಸಿ. ಮುಂದಕ್ಕೆ ಬೇಡ. ಹೊಸ ಪಿನ್ ಹಾಕಿ. ಹತ್ತು ಕಿಲೋಮೀಟರ್ ಓಡಿಸಿ ಹಬ್ ಹತ್ತಿರ ಕೈ ತನ್ನಿ: ಬೆಚ್ಚಗಿದ್ದರೆ ಸರಿ, ಮುಟ್ಟಲಾಗದಷ್ಟು ಸುಡುತ್ತಿದ್ದರೆ ನಟ್ ಬಿಗಿಯಾಗಿದೆ ಅಥವಾ ಗ್ರೀಸ್ ಹೆಚ್ಚಾಗಿದೆ. ವಾರ ಬಿಟ್ಟು ಟೈರಿನ ಒಳಬದಿಯನ್ನೂ ಒಮ್ಮೆ ನೋಡಿ, ತೆಳ್ಳಗೆ ಎಣ್ಣೆ ಸೋರಿದ ಗೆರೆ ಇದ್ದರೆ ಹಬ್ ಮತ್ತೆ ಬಿಚ್ಚಲೇಬೇಕು.