ಏರಿನಲ್ಲಿ ನಿಂತು, ಹತ್ತು ನಿಮಿಷಕ್ಕೆ ಮತ್ತೆ ಓಡುವ 407: ಪಂಪ್ ಇಳಿಸುವ ಮೊದಲು ಟ್ಯಾಂಕ್ ನೋಡಿ

ಪ್ರಶ್ನೆ: ನಮ್ಮದು 1999ರ ಮಾಡೆಲ್ ಟಾಟಾ 407. ಎಂಜಿನ್‌ಗೆ ಡೀಸೆಲ್ ಒತ್ತಿ ಕೊಡುವುದು ಇನ್‌ಲೈನ್ ಪಂಪ್, ಸ್ಟಾಪ್ ನಾಬ್ ಎಳೆದು ಎಂಜಿನ್ ನಿಲ್ಲಿಸುವ ಗಾಡಿ. ಮಂಡ್ಯದಿಂದ ಬೆಂಗಳೂರಿಗೆ ಬೆಲ್ಲ ಸಾಗಿಸುತ್ತೇವೆ. ಮೂರು ತಿಂಗಳಿಂದ ಒಂದೇ ಕಾಟ. ಮದ್ದೂರು ದಾಟಿ ಚನ್ನಪಟ್ಟಣದ ಕಡೆ ಹೋಗುವಾಗ ಎಳೆತ ಕಡಿಮೆಯಾಗಿ, ಎರಡು ಮೂರು ಸಲ ಮುಗ್ಗರಿಸಿ ಆಫ್ ಆಗುತ್ತದೆ. ಹತ್ತು ನಿಮಿಷ ಸುಮ್ನೆ ಬಿಟ್ಟು, ಕೈಪಂಪ್ ಹೊಡೆದರೆ ಮತ್ತೆ ಚೆನ್ನಾಗಿ ಓಡುತ್ತದೆ. ಖಾಲಿ ವಾಪಸ್ ಬರುವಾಗ ಒಂದು ದಿನವೂ ನಿಂತಿಲ್ಲ. ಬೆಳಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಫಿಲ್ಟರ್ ಎರಡು ಸಲ ಬದಲಾಯಿಸಿದೆ. ಬ್ಯಾಟರಿ ಹೊಸದು ಹಾಕಿಸಿದೆ. ಒಬ್ಬರು ಡೀಸೆಲ್ ಪೈಪಿಗೆ ಗಾಳಿ ಹೊಡೆದು ಕೊಟ್ಟರು, ಹದಿನೈದು ದಿನ ಸರಿಯಿತ್ತು. ಈಗ ಪಂಪ್ ಇಳಿಸಬೇಕು, ಇಪ್ಪತ್ತು ಸಾವಿರ ಆಗುತ್ತದೆ ಅನ್ನುತ್ತಿದ್ದಾರೆ. ಇಳಿಸಲೇ?
– ಮಂಡ್ಯದ ಓದುಗರು

ಉತ್ತರ: ಈಗಲೇ ಇಳಿಸಬೇಡಿ. ನೀವು ಬರೆದ ಪತ್ರದಲ್ಲೇ ಅರ್ಧ ಉತ್ತರ ಇದೆ. ಗಾಡಿ ಹೇಗೆ ನಿಲ್ಲುತ್ತದೆ, ಯಾವಾಗ ನಿಲ್ಲುವುದಿಲ್ಲ ಅನ್ನುವ ಎರಡನ್ನೂ ನೀವು ಗಮನಿಸಿದ್ದೀರಿ. ಪಾನಾ ಹಿಡಿಯುವ ಮೊದಲು ಮಾಡಬೇಕಾದ ಕೆಲಸ ಅದೇ.

ಮೊದಲು ಕರೆಂಟಿನ ವಿಷಯ ಬಿಟ್ಟುಬಿಡೋಣ. ನಾಬ್ ಎಳೆದು ನಿಲ್ಲಿಸುವ ಹಳೆಯ ಡೀಸೆಲ್ ಎಂಜಿನ್‌ಗೆ ಸ್ಟಾರ್ಟ್ ಆಗಲು ಬ್ಯಾಟರಿ ಬೇಕು. ಒಮ್ಮೆ ಸ್ಟಾರ್ಟ್ ಆದ ಮೇಲೆ ಓಡಲು ಕರೆಂಟೇ ಬೇಡ. ಅದಕ್ಕೆ ಬೇಕಾದ್ದು ಡೀಸೆಲ್ ಮತ್ತು ಗಾಳಿ ಅಷ್ಟೆ. ಹಾಗಾಗಿ ಹೊಸ ಬ್ಯಾಟರಿಯಿಂದ ಈ ರೋಗ ವಾಸಿಯಾಗುವ ಹಾಗೇ ಇರಲಿಲ್ಲ. ಇನ್ನು ಯಾರಾದರೂ ವೈರಿಂಗ್ ನೋಡೋಣ ಅಂದರೆ ಬೇಡ ಅನ್ನಿ.

ಮುಗ್ಗರಿಸಿ ನಿಲ್ಲುವುದು, ಕೈಪಂಪ್ ಹೊಡೆದ ಕೂಡಲೇ ಎದ್ದೇಳುವುದು – ಎಂಜಿನ್‌ಗೆ ಡೀಸೆಲ್ ಸಾಲುತ್ತಿಲ್ಲ ಅಂತ ಇದರಲ್ಲೇ ಗೊತ್ತಾಗುತ್ತದೆ. ಪಂಪಿನ ಎಲಿಮೆಂಟ್ (ಡೀಸೆಲ್ ಒತ್ತುವ ಒಳಭಾಗ) ಸವೆದಿದ್ದರೆ ಲಕ್ಷಣ ಬೇರೆ. ಎಳೆತ ಯಾವಾಗಲೂ ಕಡಿಮೆ ಇರುತ್ತಿತ್ತು. ಎಂಜಿನ್ ಬಿಸಿಯಾದಾಗ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಹತ್ತು ನಿಮಿಷದ ವಿಶ್ರಾಂತಿಗೆ ಅದು ಸರಿಹೋಗುವುದಿಲ್ಲ.

ಡೀಸೆಲ್ ಸಾಲದೇ ಹೋಗಲು ಸಾಮಾನ್ಯವಾಗಿ ಎರಡು ಕಾರಣ. ಒಂದು, ಡೀಸೆಲ್ ಬರುವ ದಾರಿಯಲ್ಲಿ ಎಲ್ಲೋ ಗಾಳಿ ಎಳೆಯುತ್ತಿದೆ. ಇನ್ನೊಂದು, ದಾರಿ ಕಟ್ಟಿದೆ. ಟ್ಯಾಂಕಿನಿಂದ ಫೀಡ್ ಪಂಪ್‌ವರೆಗಿನ (ಟ್ಯಾಂಕಿನ ಡೀಸೆಲ್ ಎಳೆದು ಮುಖ್ಯ ಪಂಪಿಗೆ ಕೊಡುವ ಸಣ್ಣ ಪಂಪ್) ಪೈಪಿನಲ್ಲಿ ಗಾಳಿ ಎಳೆಯುತ್ತಿದ್ದರೆ ಹೊರಗೆ ಡೀಸೆಲ್ ಸೋರುವುದು ಕಾಣುವುದೇ ಅಪರೂಪ. ಎಂಜಿನ್ ಓಡುವಾಗ ಅಲ್ಲಿ ಇರುವುದು ಎಳೆತ, ಒತ್ತಡ ಅಲ್ಲ. ಆದರೆ ಅಂಥ ಗಾಡಿಯನ್ನು ರಾತ್ರಿ ನಿಲ್ಲಿಸಿದರೆ ಪೈಪಿನ ಡೀಸೆಲ್ ಟ್ಯಾಂಕಿಗೆ ಇಳಿದುಬಿಡುತ್ತದೆ. ಬೆಳಗ್ಗೆ ಸೆಲ್ಫ್ ಹೊಡೆದು ಹೊಡೆದು ಸಾಕಾಗುತ್ತದೆ. ನಿಮ್ಮ ಗಾಡಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿದೆ ಅಲ್ವಾ? ಅದಕ್ಕೇ ನನ್ನ ಅನುಮಾನ ಎರಡನೆಯದರ ಮೇಲೆ ಜಾಸ್ತಿ.

ಈಗ ಉಳಿದ ಮಾತುಗಳನ್ನು ಸೇರಿಸಿ ನೋಡಿ. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ, ಬೆಂಗಳೂರು 900 ಮೀಟರಿಗೂ ಮೇಲೆ. ಮದ್ದೂರು ದಾಟಿದ ಮೇಲೆ ನೀವು ಒಟ್ಟಾರೆ ಏರುತ್ತಲೇ ಹೋಗುತ್ತೀರಿ, ಅದೂ ಲೋಡ್ ಹೊತ್ತು. ಎಂಜಿನ್ ಜಾಸ್ತಿ ಡೀಸೆಲ್ ಕೇಳುತ್ತದೆ. ಫೀಡ್ ಪಂಪ್ ಜೋರಾಗಿ ಎಳೆಯುತ್ತದೆ. ಆ ಎಳೆತಕ್ಕೆ ಟ್ಯಾಂಕಿನ ತಳದಲ್ಲಿ ತೇಲಾಡುವ ಕಸ ಬಂದು ಪೈಪಿನ ಬಾಯಿಗೆ ಮೆತ್ತಿಕೊಳ್ಳುತ್ತದೆ. ಎಂಜಿನ್ ನಿಂತರೆ ಎಳೆತ ಹೋಗುತ್ತದೆ, ಕಸ ಕಳಚಿ ಬೀಳುತ್ತದೆ. ಹತ್ತು ನಿಮಿಷದಲ್ಲಿ ದಾರಿ ತೆರೆಯುತ್ತದೆ. ಪೈಪಿಗೆ ಗಾಳಿ ಹೊಡೆದಾಗ ಹದಿನೈದು ದಿನ ಸರಿಯಾದದ್ದೂ ಇದಕ್ಕೇ. ಕಸ ಟ್ಯಾಂಕಿಗೆ ವಾಪಸ್ ಹೋಯಿತು, ಟ್ಯಾಂಕಿನಿಂದ ಹೊರಗೆ ಬರಲಿಲ್ಲ.

ಮೈಸೂರಿನಲ್ಲಿ ನಮ್ಮ ಗ್ಯಾರೇಜಿಗೆ ಇಂಥದ್ದೇ ಒಂದು ಗಾಡಿ ಬಂದಿತ್ತು. ಪಂಪ್ ಆಗಲೇ ಒಂದು ಸಲ ಇಳಿಸಿ ಹತ್ತಿಸಿದ್ದರು. ಟ್ಯಾಂಕ್ ಇಳಿಸಿ ಡೀಸೆಲ್ ಬಗ್ಗಿಸಿದಾಗ ಕೊನೆಯ ಲೀಟರಿನ ಜೊತೆ ಅಂಗೈ ಅಗಲದ ಪಾಲಿಥೀನ್ ತುಂಡು ಜಾರಿ ಬಂತು. ಅದರ ನಡುವೆ ಪೈಪಿನ ಬಾಯಿಯಷ್ಟೇ ದುಂಡಗಿನ ಅಚ್ಚು ಮೂಡಿತ್ತು. ಮುಚ್ಚಳದ ವಾಷರ್ ಹೋಗಿದೆ ಅಂತ ಯಾರೋ ಕವರ್ ಸುತ್ತಿ ಮುಚ್ಚಿದ್ದರು. ಅದೇ ಹರಿದು ಒಳಗೆ ಬಿದ್ದಿತ್ತು. ಆ ಮಾಲೀಕರ ಮುಖ ನೋಡಿ ನನಗೆ ನಿಜವಾಗಿ ಸಂಕಟವಾಯಿತು. ನಿಮಗೆ ಇಷ್ಟು ಉದ್ದ ಬರೆಯುತ್ತಿರುವುದು ಅದಕ್ಕೇ.

ಮುಂದಿನ ಸಲ ಗಾಡಿ ನಿಂತಾಗ ಪಕ್ಕಕ್ಕೆ ಹಾಕಿ, ಗಾಲಿಗೆ ಕಲ್ಲು ಕೊಟ್ಟು, ಎರಡು ಕೆಲಸ ಮಾಡಿ. ಕೈಪಂಪ್ ಮುಟ್ಟುವ ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ ಅಂತ ಗಾಳಿ ಒಳಗೆ ನುಗ್ಗಿದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಹಾಗಿದ್ದರೆ ಕೆಲಸ ಅಲ್ಲಿಗೇ ಮುಗಿಯಿತು. ಆಮೇಲೆ ಕೈಪಂಪಿನ ಹಿಡಿ ಬಿಚ್ಚಿ ನಿಧಾನವಾಗಿ ಮೇಲಕ್ಕೆ ಎಳೆಯಿರಿ. ಬಿಗಿಯಾಗಿದ್ದು, ಕೈಬಿಟ್ಟರೆ ತಾನೇ ಕೆಳಕ್ಕೆ ಜಗ್ಗಿದರೆ ಟ್ಯಾಂಕಿನ ಕಡೆ ದಾರಿ ಕಟ್ಟಿದೆ ಎಂದರ್ಥ. ಸಡಿಲವಾಗಿ ಓಡಾಡಿ ಏನೂ ಎಳೆಯದಿದ್ದರೆ ಗಾಳಿ ಎಳೆಯುತ್ತಿದೆ, ಇಲ್ಲವೇ ಫೀಡ್ ಪಂಪಿನ ವಾಲ್ವ್ ಹೋಗಿದೆ. ಆಗ ಪೈಪಿನ ಜಾಯಿಂಟ್‌ಗಳ ತಾಮ್ರದ ವಾಷರ್‌ಗಳನ್ನು ಮೊದಲು ಬದಲಿಸಿ. ಒಮ್ಮೆ ಬಿಚ್ಚಿದ ವಾಷರನ್ನೇ ಮತ್ತೆ ಹಾಕಿದರೆ ಸರಿಯಾಗಿ ಕೂರುವುದಿಲ್ಲ.

ಇನ್ನೂ ಗಟ್ಟಿ ಪರೀಕ್ಷೆ ಬೇಕೆಂದರೆ ಕ್ಯಾನ್ ಕಟ್ಟಿ ಓಡಿಸುವುದು. 10 ಲೀಟರಿನ ಚೊಕ್ಕ ಕ್ಯಾನಿಗೆ ಹೊಸ ಡೀಸೆಲ್ ತುಂಬಿ, ಗಾಡಿಯ ಹೊರಮೈಗೆ ಭದ್ರವಾಗಿ ಕಟ್ಟಿ. ಸೈಲೆನ್ಸರ್‌ನಿಂದ ದೂರ ಇರಲಿ, ಕ್ಯಾಬಿನ್ ಒಳಗೆ ಬೇಡವೇ ಬೇಡ. ಟ್ಯಾಂಕಿನ ಪೈಪ್ ಬಿಚ್ಚಿ, ಕ್ಯಾನಿನಿಂದ ಫೀಡ್ ಪಂಪಿಗೆ ಡೀಸೆಲ್‌ಗೆ ತಡೆಯುವ ಪಾರದರ್ಶಕ ಪೈಪ್ ಕೊಡಿ. ಮಿಕ್ಕ ಡೀಸೆಲ್ ವಾಪಸ್ ತರುವ ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಡಿ. ಪೈಪಿನೊಳಗಿನ ಏರ್ ತೆಗೆದು, ಅದೇ ಲೋಡ್, ಅದೇ ಏರಿನಲ್ಲಿ ಓಡಿಸಿ. ನಿಲ್ಲದಿದ್ದರೆ ರೋಗ ಟ್ಯಾಂಕಿನಲ್ಲಿ, ಇಲ್ಲವೇ ಅದರ ಪೈಪಿನಲ್ಲಿ ಇದೆ ಎಂದು ಖಾತ್ರಿ. ನಿಂತರೆ ಫೀಡ್ ಪಂಪಿನ ಸಣ್ಣ ಜಾಲರಿ ಬಿಚ್ಚಿ ನೋಡಿ. ಫಿಲ್ಟರ್ ಬದಲಿಸುವವರು ಅದನ್ನು ಮರೆತೇಬಿಡುತ್ತಾರೆ. ಮೈಕೋ ಪಂಪ್ ಇಳಿಸುವ ಮಾತು ಇದೆಲ್ಲ ಮುಗಿದ ಮೇಲೆ. (ಈ ಪಂಪ್ ಮಾಡುವ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿತು. ನಮ್ಮ ಕಡೆ ಗ್ಯಾರೇಜಿನವರ ಬಾಯಲ್ಲಿ ಅದು ಇವತ್ತಿಗೂ ಮೈಕೋನೇ.)

ಟ್ಯಾಂಕ್ ಇಳಿಸಿದಾಗ ತಳದಲ್ಲಿ ಕಪ್ಪು ಲೋಳೆ ಕಂಡರೆ ನೀರು ಸೇರಿದೆ ಎಂದು ತಿಳಿಯಿರಿ. ನೀರು ಮತ್ತು ಡೀಸೆಲ್ ಸೇರುವ ಕಡೆ ಸೂಕ್ಷ್ಮಜೀವಿಗಳು ಬೆಳೆದು ಆ ಲೋಳೆಯಾಗುತ್ತದೆ. ಪೂರ್ತಿ ತೊಳೆಸಿ, ಒಣಗಿಸಿ, ಹೀರುವ ಪೈಪಿನಲ್ಲಿ ಬಿರುಕಿದೆಯೇ ಎಂದೂ ನೋಡಿ. ಒಂದು ಮಾತು ಕೈಮುಗಿದು ಹೇಳುತ್ತೇನೆ: ಟ್ಯಾಂಕಿನಲ್ಲಿ ತೂತು ಕಂಡರೆ ಹಾಗೇ ವೆಲ್ಡಿಂಗ್ ಮಾಡಿಸಬೇಡಿ. ಖಾಲಿ ಟ್ಯಾಂಕಿನ ಆವಿಗೂ ಬೆಂಕಿ ಹತ್ತಿ ಸಿಡಿಯುತ್ತದೆ. ಟ್ಯಾಂಕ್ ಕೆಲಸ ಗೊತ್ತಿರುವವರಿಗೇ ಕೊಡಿ.

ಇದು ಸರಿಹೋಗುವವರೆಗೆ ಲೋಡ್ ಕಡಿಮೆ ಹಾಕಿ. ಎಂಜಿನ್ ನಿಂತ ಮೇಲೆ ಬ್ರೇಕ್ ತುಳಿಯಲು ನೆರವಾಗುವ ವ್ಯಾಕ್ಯೂಮ್ ಎರಡು ಮೂರು ಸಲ ತುಳಿಯುವಷ್ಟೇ ಉಳಿದಿರುತ್ತದೆ. ಆಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿದರೆ ಬಹಳ ಕಷ್ಟ.

ಪ್ರಶ್ನೆ: ನಮ್ಮ ಹಳೆಯ ಲಾರಿಯೂ ಆಗಾಗ ನಿಲ್ಲುತ್ತದೆ. ಆದರೆ ಮುಗ್ಗರಿಸುವುದಿಲ್ಲ. ಗುಂಡಿಗೆ ಬಿದ್ದಾಗ ಟಕ್ ಅಂತ ಆಫ್, ಕೂಡಲೇ ಕೀ ತಿರುಗಿಸಿದರೆ ಸ್ಟಾರ್ಟ್. ಇದು ಕೀ ಆಫ್ ಮಾಡಿದರೆ ನಿಲ್ಲುವ ಗಾಡಿ. ಟ್ಯಾಂಕ್ ತೊಳೆಸಲೇ?
– ನಂಜನಗೂಡಿನ ಓದುಗರು

ಉತ್ತರ: ಬೇಡ. ನಿಮ್ಮದು ಕರೆಂಟಿನ ಸಮಸ್ಯೆ ಇರಬೇಕು. ಪಂಪಿನ ಮೇಲಿರುವ ಸ್ಟಾಪ್ ಸೊಲೆನಾಯ್ಡ್‌ಗೆ (ಕರೆಂಟಿನಿಂದ ಡೀಸೆಲ್ ತೆರೆದು ಮುಚ್ಚುವ ಭಾಗ) ಕರೆಂಟ್ ಒಂದು ಕ್ಷಣ ತಪ್ಪಿದರೂ ಅದು ಡೀಸೆಲ್ ಮುಚ್ಚಿಬಿಡುವ ನಮೂನೆಯದು ಅನ್ನಿಸುತ್ತದೆ. ಅದರ ವೈರಿಗೆ ಇನ್ನೊಂದು ವೈರ್ ಕೂಡಿಸಿ, ಡ್ಯಾಶ್‌ಬೋರ್ಡ್ ಮೇಲೆ ಒಂದು ಸಣ್ಣ ಬಲ್ಬ್ ಹಾಕಿಸಿ. ಪಕ್ಕದಲ್ಲಿ ಕೂತವರು ಅದನ್ನು ನೋಡುತ್ತಿರಲಿ. ಎಂಜಿನ್ ನಿಂತ ಕ್ಷಣದಲ್ಲಿ ಬಲ್ಬೂ ಆರಿದರೆ ಕೀ ಸ್ವಿಚ್, ಫ್ಯೂಸ್, ವೈರಿನ ಜಾಯಿಂಟ್ ನೋಡಿಸಿ. ಬಲ್ಬ್ ಉರಿಯುತ್ತಲೇ ಇದ್ದರೆ ಸೊಲೆನಾಯ್ಡ್ ಮತ್ತು ಅದರ ಅರ್ತ್ ನೋಡಿಸಿ.