ಬೆಂಗಳೂರಲ್ಲಿ ವಸಂತ ಅಂತ ನಿಜವಾಗ್ಲೂ ಒಂದು ಕಾಲ ಇದ್ಯಾ? ಕಡಿಮೆ ದುಡ್ಡಲ್ಲಿ ಅದನ್ನ ಖುಷಿಯಾಗಿ ಕಳೆಯೋದು ಹೇಗೆ?

ನೀವು ಬರ್ದಿರೋದು ಓದಿದೆ. ಕಲಬುರಗಿಯಿಂದ ಕೆಲ್ಸಕ್ಕೆ ಬಂದು ಎಂಟು ತಿಂಗಳು, ಲೇಡೀಸ್ ಪಿಜಿ, ಆಫೀಸು, ಟ್ರಾಫಿಕ್ಕು ಬಿಟ್ರೆ ಏನೂ ನೋಡಿಲ್ಲ, ಎಲ್ರೂ ಗುಲಾಬಿ ಹೂವಿನ ಮರದ ಕೆಳಗೆ ನಿಂತು ಫೋಟೋ ಹಾಕ್ತಾರೆ, ನಿಮ್ಮೂರಲ್ಲಿ ಚಳಿ ಮುಗಿದ್ರೆ ಸೀದಾ ಬಿಸಿಲೇ, ಇಲ್ಲಿ ಮಧ್ಯ ಏನಾದ್ರೂ ಇದ್ಯಾ, ಇದ್ರೆ ಸಂಬಳ ಖಾಲಿ ಮಾಡ್ಕೊಳ್ದೆ ಅದನ್ನ ಅನುಭವಿಸೋದು ಹೇಗೆ ಅಂತ ಕೇಳಿದೀರಿ.

ಇದೆ ಕಣ್ರೀ. ನಾನು ಹುಟ್ಟಿ ಬೆಳೆದಿದ್ದು ಇದೇ ಊರಲ್ಲಿ, ಇಡೀ ವರ್ಷದಲ್ಲಿ ನಾನು ಕಾಯೋದು ಶಿವರಾತ್ರಿಯಿಂದ ಯುಗಾದಿ ದಾಟಿ ಒಂದೆರಡು ವಾರದ ತನಕದ ಈ ಟೈಮಿಗೇ. ಆದ್ರೆ ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ನಮ್ಮ ಕಡೆ ವಸಂತ ದಿನ ಪೂರ್ತಿ ಇರಲ್ಲ, ಬೆಳಗ್ಗೆ ಆರೂವರೆಯಿಂದ ಎಂಟೂವರೆ ಒಳಗೆ ಇರತ್ತೆ ಅಷ್ಟೆ, ಹತ್ತು ಗಂಟೆಗೆ ಎದ್ದು ಕಿಟಕಿ ತೆಗೆದ್ರೆ ಕಾಣೋದು ಬೇಸಿಗೆನೇ. ನೀವು ಎಂಟು ತಿಂಗಳಿಂದ ನೋಡಿಲ್ಲ ಅಂದ್ರೆ ಬಹುಶಃ ಆ ಎರಡು ಗಂಟೆ ನಿಮಗೆ ನಿದ್ದೆಯಲ್ಲೋ ಸ್ನಾನದ ಕ್ಯೂನಲ್ಲೋ ಹೋಗಿರತ್ತೆ. ವಾರಕ್ಕೆ ಎರಡು ದಿನ ಸಾಕು, ಬೇಗ ಎದ್ದು ಚಪ್ಪಲಿ ಮೆಟ್ಕೊಂಡು ಸುಮ್ನೆ ಹೊರಗೆ ಬನ್ನಿ.

ಆ ಗುಲಾಬಿ ಮರ ಟಬೂಬಿಯಾ. ಚೆನ್ನಾಗಿದೆ, ಇಲ್ಲ ಅನ್ನಲ್ಲ, ಕಬ್ಬನ್ ಪಾರ್ಕಲ್ಲಿ, ಜಯನಗರದಲ್ಲಿ ಎಲೆ ಎಲ್ಲಾ ಉದುರಿಸಿ ಬರೀ ಹೂವಲ್ಲಿ ನಿಂತಿರತ್ತೆ. ಆದ್ರೆ ನನ್ನ ಕೇಳಿದ್ರೆ ನೋಡ್ಬೇಕಾದ ಮರ ಹೊಂಗೆ. ಯಾರೂ ಅದರ ಫೋಟೋ ಹಾಕಲ್ಲ ಯಾಕಂದ್ರೆ ಹೂವು ತುಂಬಾ ಚಿಕ್ಕದು, ಬಿಳಿಗೆ ಒಂಚೂರು ನೇರಳೆ ಕಲಸಿದ ಬಣ್ಣ, ದೂರದಿಂದ ಕಾಣೋದೇ ಇಲ್ಲ. ಫೆಬ್ರವರಿಯಲ್ಲಿ ಮರ ಬೋಳಾಗತ್ತೆ, ಆಮೇಲೆ ಒಂದೇ ವಾರದಲ್ಲಿ ಎಣ್ಣೆ ಹಚ್ಚಿದ ಹಾಗೆ ಹೊಳೆಯೋ ಎಳೆ ಹಸಿರು ಚಿಗುರು ಬರತ್ತೆ, ಅದು ಬಂದ ಮೇಲೆ ಹೂವು, ಬೆಳಗ್ಗೆ ಹೋದ್ರೆ ಫುಟ್‌ಪಾತ್ ಮೇಲೆ ಯಾರೋ ಮಂಡಕ್ಕಿ ಮೂಟೆ ಚೆಲ್ಕೊಂಡು ಹೋಗಿದಾರೇನೋ ಅನ್ನೋ ಹಾಗೆ ಬಿದ್ದಿರತ್ತೆ, ನಿಲ್ಲಿಸಿದ ಕಾರು ತೆಗೆದ್ರೆ ಕಾರಿನ ಜಾಗ ಮಾತ್ರ ಕಪ್ಪಗೆ ಕಾಣ್ಸತ್ತೆ. ತಲೆ ಮೇಲೆ ಜೇನು ಝುಂಯ್ ಅಂತಿರ್ತಾವೆ. ಹೊಂಗೆ ನೆರಳು ಅಂದ್ರೆ ತಾಯಿ ಮಡಿಲಿದ್ದ ಹಾಗೆ ಅಂತ ನಮ್ಮಜ್ಜಿ ಅನ್ನೋರು, ಮಾರ್ಚ್ ಕೊನೇಲಿ ಮಧ್ಯಾಹ್ನ ಬಸ್‌ಸ್ಟಾಪಲ್ಲಿ ಹೊಂಗೆ ಕೆಳಗೆ ನಿಂತವರಿಗೆ ಅದು ಅರ್ಥ ಆಗತ್ತೆ.

ಈ ಊರಲ್ಲಿ ಮರಗಳು ಒಂದು ಹೂ ಮುಗಿಸಿದ್ರೆ ಇನ್ನೊಂದು ಶುರು ಮಾಡತ್ತಲ್ಲ, ಅದು ತಾನಾಗೇ ಆಗಿದ್ದಲ್ಲ. ಲಾಲ್‌ಬಾಗ್ ನೋಡ್ಕೊಳ್ತಿದ್ದ ಜರ್ಮನಿಯ ಕ್ರುಂಬಿಗಲ್ ಅವರು ವರ್ಷ ಪೂರ್ತಿ ಯಾವುದಾದ್ರೂ ಒಂದು ಮರ ಹೂ ಬಿಟ್ಟಿರ್ಬೇಕು ಅಂತ ಯೋಚನೆ ಮಾಡಿ ಬೀದಿ ಬೀದಿಗೆ ಮರ ಆರಿಸಿದ್ರು. ಆಮೇಲೆ 1980ರ ದಶಕದಲ್ಲಿ ಅರಣ್ಯ ಇಲಾಖೆಯ ಎಸ್.ಜಿ. ನೇಗಿನಹಾಳ್ ಅವರ ಕಾಲದಲ್ಲಿ ಊರಿನ ತುಂಬ ಸುಮಾರು 15 ಲಕ್ಷ ಸಸಿ ನೆಟ್ರು. ನಾವು ಇವತ್ತು ನೆರಳು ಅಂತ ಹೋಗಿ ನಿಲ್ಲೋ ಎಷ್ಟೋ ಮರ ಆಗಿನದ್ದು. ಲಾಲ್‌ಬಾಗಿಗೆ ಬೆಳಗ್ಗೆ ವಾಕಿಂಗ್ ಟೈಮಲ್ಲಿ ಟಿಕೆಟ್ ಇಲ್ಲ, ಭಾನುವಾರ ಕಬ್ಬನ್ ಪಾರ್ಕ್ ಒಳಗೆ ಗಾಡಿ ಬಿಡಲ್ಲ, ಎರಡಕ್ಕೂ ಒಂದು ರೂಪಾಯಿ ಖರ್ಚಿಲ್ಲ.

ನೇಗಿನಹಾಳ್ ಅವರ ಹೆಸರು ತೆಗೆದಿದ್ದಕ್ಕೆ ಇನ್ನೊಂದು ಕಾರಣ ಇದೆ. ಒಂದು ದಿನದ ಟ್ರಿಪ್ ಎಲ್ಲಿಗೆ ಅಂತ ಕೇಳಿದೀರಲ್ಲ, ನನ್ನ ಉತ್ತರ ಕೊಕ್ಕರೆ ಬೆಳ್ಳೂರು, ಅಲ್ಲಿ ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ) ಗೂಡು ಕಟ್ಟೋದನ್ನ 1976ರಲ್ಲಿ ಹೊರಗಿನವ್ರ ಗಮನಕ್ಕೆ ತಂದವರೂ ಅವರೇ. ನಂದಿ ಬೆಟ್ಟಕ್ಕೆ ಎಲ್ರೂ ಹೋಗ್ತಾರೆ, ಹೋಗಿ ಗಾಡಿ ಸಾಲಲ್ಲಿ ನಿಂತು ಬರ್ತಾರೆ, ಅದು ಬೇಡ.

ಕೊಕ್ಕರೆ ಬೆಳ್ಳೂರು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕು, ಬೆಂಗಳೂರಿಂದ ಸುಮಾರು 80 ಕಿಲೋಮೀಟರ್. ಇದು ಪಕ್ಷಿಧಾಮ ಅಂತ ಬೇಲಿ ಹಾಕಿ ಗೇಟಿಟ್ಟಿರೋ ಜಾಗ ಅಲ್ಲ, ಮಾಮೂಲಿ ಹಳ್ಳಿ, ಹೆಂಚಿನ ಮನೆ, ಕೊಟ್ಟಿಗೆ, ರೇಷ್ಮೆ, ರಾಗಿ, ಊರ ಮಧ್ಯದ ಹುಣಸೆ ಮರ ಆಲದ ಮರಗಳ ಮೇಲೇನೇ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಗೂಡು ಕಟ್ಟಿರ್ತಾವೆ. ನಾನು ಹೋಗೋದು ಹೀಗೆ: ಸ್ಯಾಟಲೈಟ್ ಬಸ್‌ಸ್ಟ್ಯಾಂಡಲ್ಲಿ ಬೆಳಗ್ಗೆ ಆರಕ್ಕೆ ಕೆಂಪು ಬಸ್ಸು, ಆಧಾರ್ ತೋರಿಸಿದ್ರೆ ನಮಗೆ ಶೂನ್ಯ ಟಿಕೆಟ್ಟು (2023ರ ಜೂನಿಂದ ಶಕ್ತಿ ಯೋಜನೆ ಬಂತಲ್ಲ, ನನ್ನ ಅರ್ಧ ಓಡಾಟ ಅದ್ರಿಂದಾನೇ ನಡೀತಿರೋದು), ಮದ್ದೂರಲ್ಲಿ ಇಳಿದು ಬಿಸಿ ವಡೆ, ಕಾಫಿ, ಆಮೇಲೆ ಚಿಕ್ಕಪ್ಪನ ಸ್ಕೂಟರ್. ರುದ್ರಾಕ್ಷಿಪುರದ ಹತ್ರ ಮೈಸೂರು ರೋಡು ಬಿಟ್ಟು ಒಳಗೆ ಒಂದು 12 ಕಿಲೋಮೀಟರ್. ನಿಮಗೆ ಸ್ಕೂಟರ್ ಸಿಗಲ್ಲ ಅಂದ್ರೆ ನಾಲ್ಕು ಜನ ಸೇರಿ ಆಟೋ ಮಾತಾಡ್ಕೊಳ್ಳಿ, ವಾಪಸ್ ಬರೋದಕ್ಕೂ ಅವರನ್ನೇ ಒಪ್ಪಿಸ್ಕೊಳ್ಳಿ, ಒಳಗಿನ ಬಸ್ಸು ನಂಬ್ಕೊಂಡ್ರೆ ಬಿಸಿಲಲ್ಲಿ ಕಾಯ್ಬೇಕಾಗತ್ತೆ.

ಹೋದ ವರ್ಷ ಮಾರ್ಚಲ್ಲಿ ಹೋದಾಗ ನಡೆದಿದ್ದು ಹೇಳ್ತೀನಿ. ಒಂದು ಮನೆ ಜಗಲಿ ಮೇಲೆ ಕೂತ್ಕೊಂಡ್ವಿ, ಎದುರಿಗಿದ್ದ ಹುಣಸೆ ಮರದಲ್ಲಿ ಕಮ್ಮಿ ಅಂದ್ರೂ ಮೂವತ್ತು ಗೂಡು, ಒಂದು ಹೆಜ್ಜಾರ್ಲೆ ರೆಕ್ಕೆ ಹರಡ್ಕೊಂಡು ಬಂದು ಇಳಿದ ತಕ್ಷಣ ಮರಿ ಅದರ ಕೊಕ್ಕಿನ ಕೆಳಗಿನ ಚೀಲದೊಳಗೆ ತಲೆ ಪೂರ್ತಿ ತೂರಿಸ್ಕೊಂಡು ಮೀನು ತಿಂತಿತ್ತು, ಕುತ್ತಿಗೆ ತನಕ ಒಳಗೆ, ನನಗೆ ಉಸಿರು ಕಟ್ಟತ್ತೇನೋ ಅಂತ ಗಾಬರಿ, ಪಕ್ಕದಲ್ಲಿ ಹೂ ಕಟ್ತಾ ಕೂತಿದ್ದ ಅಜ್ಜಿ ಮಾತ್ರ ತಲೆ ಎತ್ತದೆ "ಅದರವ್ವ ಅಲ್ವೇನವ್ವ, ಏನಾಗಲ್ಲ ಸುಮ್ಕಿರು" ಅಂದ್ರು. ಆ ಊರಲ್ಲಿ ಹಕ್ಕಿಗಳನ್ನ ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳ ಹಾಗೆ ನೋಡ್ತಾರೆ. ಮರದ ಕೆಳಗೆ ಬೀಳೋ ಹಿಕ್ಕೆ ಗೊಬ್ಬರ ಆಗತ್ತೆ, ಗೂಡಿರೋ ಹುಣಸೆ ಮರದ ಕಾಯಿ ಬಿಟ್ಕೊಡೋದಕ್ಕೆ ಅರಣ್ಯ ಇಲಾಖೆ ಒಂದಿಷ್ಟು ದುಡ್ಡು ಕೊಡತ್ತೆ, ಹೆಜ್ಜಾರ್ಲೆ ಬಳಗ ಅಂತ ಊರಿನ ಹುಡುಗರು ಸೇರ್ಕೊಂಡು ಗೂಡಿಂದ ಬಿದ್ದ ಮರಿಗಳನ್ನ ಸಾಕಿ ಬಿಡ್ತಾರೆ. 2007ರಲ್ಲಿ ಸರ್ಕಾರ ಇದನ್ನ ಸಮುದಾಯ ಮೀಸಲು ಪ್ರದೇಶ ಅಂತ ಮಾಡ್ತು, ಆದ್ರೆ ಅದಕ್ಕೂ ಮುಂಚೆಯಿಂದ ಎಷ್ಟೋ ತಲೆಮಾರು ಅವರೇ ಕಾಪಾಡ್ಕೊಂಡು ಬಂದಿದ್ದಾರೆ. ಒಂಬತ್ತು ಗಂಟೆಯೊಳಗೆ ಇಲ್ಲಾ ಸಂಜೆ ನಾಲ್ಕರ ಮೇಲೆ ಹೋಗಿ, ಡ್ರೋನು ಗೀನು ಬೇಡ, ಮೀನಿನ ವಾಸನೆ ಇರತ್ತೆ, ಹತ್ತು ನಿಮಿಷಕ್ಕೆ ಅಭ್ಯಾಸ ಆಗತ್ತೆ.

ಇನ್ನು ಬಟ್ಟೆ. ಈ ಬಿಸಿಲಿಗೆ ಹೊಸ ಬಟ್ಟೆಗಿಂತ ಹಳೇ ಬಟ್ಟೆನೇ ಒಳ್ಳೇದು ಅಂತ ನಾನು ನಂಬಿದೀನಿ, ನೂರು ಸಲ ಒಗೆದು ಮೆತ್ತಗಾಗಿರೋ ಕಾಟನ್ನಿನ ಸುಖ ಯಾವ ಶೋರೂಮಲ್ಲೂ ಸಿಗಲ್ಲ. ನನ್ನ ಹತ್ರ ಎರಡು ದಾರಿ ಇದೆ. ಒಂದು, ಚಿಕ್ಕಪೇಟೆ ಬಿವಿಕೆ ಅಯ್ಯಂಗಾರ್ ರಸ್ತೆ ಕಡೆ ಭಾನುವಾರ ಬೆಳಗ್ಗೆ ಕೂರೋ ಸಂಡೇ ಬಜಾರ್. ಹಳೇ ರೇಡಿಯೋ, ಬೂಟು, ಬೀಗದ ಕೈ, ಬಟ್ಟೆ ಎಲ್ಲಾ ರಾಶಿ ಹಾಕಿರ್ತಾರೆ. ನನ್ನ ಇಷ್ಟದ ನೀಲಿ ಕಾಟನ್ ಶರ್ಟು ಅಲ್ಲಿ 120 ರೂಪಾಯಿಗೆ ಸಿಕ್ಕಿದ್ದು, ಗಂಡಸರ ಶರ್ಟು, ತೋಳು ಮಡಚಿ ಹಾಕ್ಕೊಳ್ತೀನಿ, ಮೂರು ಬೇಸಿಗೆ ಆಯ್ತು. ಕಂಕುಳ ಹತ್ರ ಹೊಲಿಗೆ ನೋಡಿ, ಕಾಲರ್ ಒಳಗಡೆ ನೋಡಿ, ಜಿಪ್ ಎರಡು ಸಲ ಎಳೆದು ನೋಡಿ, ಮನೆಗೆ ಬಂದ ತಕ್ಷಣ ಬಿಸಿನೀರಲ್ಲಿ ನೆನೆಸಿ ಒಗೆದು ಎರಡು ದಿನ ಒಳ್ಳೇ ಬಿಸಿಲಿಗೆ ಹಾಕಿ.

ಇನ್ನೊಂದು ದಾರಿ ಮನೆಯ ಟ್ರಂಕು. ನಮ್ಮಜ್ಜಿ ಹೋದ ಮೇಲೆ ಅವರ ನೂಲಿನ ಸೀರೆಗಳನ್ನ ಹಳೇ ಬಟ್ಟೆಗೆ ಪಾತ್ರೆ ಕೊಡೋರಿಗೆ ಹಾಕ್ಬಿಡೋಣ ಅಂತ ಮನೇಲಿ ಮಾತು ಬಂತು, ನಾನು ಬಿಡ್ಲಿಲ್ಲ. ಐದೂವರೆ ಮೀಟರ್ ಸೀರೆ, ಒಂದು ಕುರ್ತಾಗೆ ಎರಡೂವರೆ ಮೀಟರ್ ಸಾಕು, ಮಿಕ್ಕಿದ್ದರಲ್ಲಿ ಅಕ್ಕನ ಮಗಳಿಗೆ ಒಂದು ಲಂಗ. ಆದ್ರೆ ಮೊದಲನೇ ಸೀರೆ ಕೆಡಿಸಿದೆ. ನಿರಿಗೆ ಬರೋ ಭಾಗ ಉಟ್ಟು ಉಟ್ಟು ಸವೆದಿರತ್ತೆ ಅನ್ನೋದು ನನಗೆ ಗೊತ್ತಿರ್ಲಿಲ್ಲ, ಅದೇ ಭಾಗ ಬೆನ್ನಿಗೆ ಬರೋ ಹಾಗೆ ಕತ್ತರಿಸ್ಬಿಟ್ವಿ, ಎರಡನೇ ಸಲ ಹಾಕ್ಕೊಂಡಾಗ ಪರ್ ಅಂತು. ಅವತ್ತು ತುಂಬಾ ಬೇಜಾರಾಯ್ತು, ಅಜ್ಜಿ ಸೀರೆ ಅಲ್ವಾ. ಈಗ ಬೀದಿ ಕೊನೆ ಟೈಲರ್ ಅಣ್ಣ ಸೀರೆನ ಕಿಟಕಿ ಬೆಳಕಿಗೆ ಹಿಡಿದು ಇಂಚಿಂಚೂ ನೋಡ್ತಾರೆ, ತೆಳ್ಳಗಿರೋ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅದನ್ನ ಬಿಟ್ಟು ಕತ್ತರಿಸ್ತಾರೆ, ಅಂಚನ್ನ ಕೆಳಗಿನ ಫ್ರಿಲ್ಲಿಗೆ ಕೂರಿಸ್ತಾರೆ, ಸೆರಗಿನ ಒಳ್ಳೇ ಭಾಗ ಎದೆಗೆ. ಹೊಲಿಗೆ 350 ರೂಪಾಯಿ. ನೀವು ಆ ಕಡೆಯವ್ರು, ನಿಮ್ಮ ಮನೆಗಳಲ್ಲಿ ಹಳೇ ಸೀರೆ ಪದರ ಪದರ ಸೇರ್ಸಿ ಕೌದಿ ಹೊಲಿಯೋರು, ನಿಮಗೆ ನಾನೇನು ಹೇಳ್ಕೊಡೋದು. ಊರಿಗೆ ಹೋದಾಗ ಅಮ್ಮನ ಹತ್ರ ಹಳೇ ಇಳಕಲ್ ಸೀರೆ ಇದ್ರೆ ಕೇಳಿ ತನ್ನಿ, ಗುಳೇದಗುಡ್ಡದ ಖಣದ ತುಂಡು ಒಂದು ಸಿಕ್ಕಿದ್ರೂ ಸಾದಾ ಕುರ್ತಾದ ಎದೆ ಮೇಲ್ಭಾಗಕ್ಕೆ ಪಟ್ಟಿ (ಯೋಕ್) ಮಾಡಿಸಿದ್ರೆ ಸಾಕು, ಆಫೀಸಲ್ಲಿ ಎಲ್ರೂ ಎಲ್ಲಿ ತಗೊಂಡ್ರಿ ಅಂತ ಕೇಳ್ತಾರೆ.

ಅಡುಗೆ ವಿಷ್ಯಕ್ಕೆ ಬರ್ತೀನಿ. ಪಿಜಿಯಲ್ಲಿ ಒಲೆ ಇಲ್ಲ ಅಂದಿದೀರಿ, ಪರ್ವಾಗಿಲ್ಲ, ಈ ಕಾಲದ ಎರಡು ಒಳ್ಳೇ ತಿಂಡಿಗೆ ಒಲೆನೇ ಬೇಡ. ಒಂದು ಕೋಸಂಬರಿ: ಹೆಸರುಬೇಳೆ ಒಂದು ಗಂಟೆ ನೆನೆಸಿ ನೀರು ಬಸಿದು ಸೌತೆಕಾಯಿ, ತೆಂಗಿನ ತುರಿ, ಹಸಿಮೆಣಸಿನಕಾಯಿ, ನಿಂಬೆಹಣ್ಣು, ಉಪ್ಪು ಮಾತ್ರ ತಿನ್ನೋ ಮುಂಚೆ, ಮೊದಲೇ ಹಾಕಿದ್ರೆ ನೀರು ಬಿಟ್ಕೊಳ್ಳತ್ತೆ. ಜೊತೆಗೆ ಬೆಲ್ಲ ಕರಗಿಸಿ ಏಲಕ್ಕಿ, ಶುಂಠಿ, ಒಂದೆರಡು ಮೆಣಸು ಕುಟ್ಟಿ ಹಾಕಿದ ಪಾನಕ. ಪಾನಕ, ಕೋಸಂಬರಿ, ಮಜ್ಜಿಗೆ ರಾಮನವಮಿ ದಿನ ಬೆಂಗಳೂರಿನ ಬೀದಿ ಬೀದಿಲಿ ಕರೆದು ಕೊಡ್ತಾರೆ, ಸಂಕೋಚ ಮಾಡ್ಕೋಬೇಡಿ, ಲೋಟ ಹಿಡಿದು ನಿಂತ್ಕೊಳ್ಳಿ. ಸಂಗೀತ ಇಷ್ಟ ಅಂದ್ರೆ ಅದೇ ಟೈಮಲ್ಲಿ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿ ಕಚೇರಿ ನಡೆಯತ್ತೆ, 1939ರಿಂದ ನಡ್ಕೊಂಡು ಬಂದಿರೋದು.

ಫ್ರೆಂಡ್ ಮನೆ ಒಲೆ ಯಾವತ್ತಾದ್ರೂ ಸಿಕ್ಕಿದ್ರೆ ಮಾವಿನಕಾಯಿ ಚಿತ್ರಾನ್ನ ಮಾಡಿ. ಗಿಣಿಮೂತಿ ಮಾವಿನಕಾಯಿ ಒಂದು, ಹುಳಿ ಹದವಾಗಿರತ್ತೆ. ಅರ್ಧ ತುರಿದು ಪಕ್ಕಕ್ಕೆ ಇಡಿ, ಇನ್ನರ್ಧನ ತೆಂಗಿನ ತುರಿ, ಐದಾರು ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಸಾಸಿವೆ, ಅರಿಶಿನ, ಚೂರು ಬೆಲ್ಲ ಹಾಕಿ ನೀರು ಸೋಕಿಸದೆ ತರಿತರಿಯಾಗಿ ರುಬ್ಬಿ. ಒಗ್ಗರಣೆಗೆ ಕಡ್ಲೇಬೀಜ, ಕಡ್ಲೇಬೇಳೆ, ಕರಿಬೇವು, ಇಂಗು. ಎತ್ತಿಟ್ಟ ತುರಿ ಹಾಕಿ ಎರಡೇ ನಿಮಿಷ ಬಾಡಿಸಿ, ರುಬ್ಬಿದ್ದು ಹಾಕಿದ ಮೇಲೆ ಜಾಸ್ತಿ ಹುರೀಬೇಡಿ, ಹಸಿ ಸಾಸಿವೆ ಮೂಗಿಗೆ ಸುರ್ ಅಂತ ಏರ್ಬೇಕು, ಅದು ಹೋದ್ರೆ ಚಿತ್ರಾನ್ನದ ಮಜಾನೇ ಹೋಯ್ತು. ಅನ್ನ ಮೊದಲೇ ತಟ್ಟೆಗೆ ಹರಡಿ ಆರಿಸಿಟ್ಟಿರ್ಬೇಕು. ಮಾಡಿ ಒಂದು ಗಂಟೆ ಬಿಟ್ಟು ತಿನ್ನಿ, ಹುಳಿ ಖಾರ ಅನ್ನಕ್ಕೆ ಇಳಿದಿರತ್ತೆ.

ಯುಗಾದಿ ದಿನ ನಮ್ಮನೇಲಿ ತೊಗರಿಬೇಳೆ ಒಬ್ಬಟ್ಟು, ನನಗೆ ಒಬ್ಬಟ್ಟಿಗಿಂತ ಬೇಳೆ ಬಸಿದ ಕಟ್ಟಲ್ಲಿ ಮಾಡೋ ಒಬ್ಬಟ್ಟಿನ ಸಾರೇ ಇಷ್ಟ, ಅದ್ರಲ್ಲೂ ಮಾರನೇ ದಿನ ಕುದಿಸಿ ಕುದಿಸಿ ಗಟ್ಟಿಯಾಗಿರೋದು. ಮದ್ದೂರಿನ ಚಿಕ್ಕಪ್ಪನ ಮನೇಲಿ ಆ ಮಾರನೇ ದಿನ ವರ್ಷತೊಡಕು, ಮಟನ್ ಇಲ್ದೆ ನಡೆಯೋದೇ ಇಲ್ಲ.

ನಮ್ಮ ಕಡೆ ಬೇವು ಬೆಲ್ಲ ಅಂದ್ರೆ ಎರಡು ಎಸಳು ಬೇವಿನ ಹೂವು, ಒಂದು ಚೂರು ಬೆಲ್ಲ, ಬಾಯಿಗೆ ಹಾಕ್ಕೊಂಡ್ರೆ ಮುಗೀತು. ನಿಮ್ಮ ಕಡೆ ಅದನ್ನ ಹುಣಸೆಹುಳಿ, ಬೆಲ್ಲ, ಪುಟಾಣಿ ಹಿಟ್ಟು, ಮಾವಿನಕಾಯಿ ಎಲ್ಲಾ ಹಾಕಿ ಲೋಟ ತುಂಬ ಕುಡಿಯೋ ಹಾಗೆ ಮಾಡ್ತಾರಂತೆ, ಆಫೀಸಿನ ಬಾಗಲಕೋಟೆ ಹುಡುಗಿ ಹೇಳ್ತಿದ್ಳು. ನಿಮ್ಮಮ್ಮನ್ನ ಕೇಳಿ ಅಳತೆ ಸಮೇತ ಕೆಳಗೆ ಬರೀರಿ, ಹುಣಸೆಹಣ್ಣು ಎಷ್ಟು, ಬೇವಿನ ಹೂವು ಹಸಿದೋ ಒಣಗಿದ್ದೋ ಅಂತ. ಈ ಸಲ ನಮ್ಮನೇಲಿ ಅದನ್ನೇ ಮಾಡೋಣ ಅಂತ ಅಮ್ಮಂಗೆ ಆಗ್ಲೇ ಹೇಳಿಟ್ಟಿದೀನಿ.