ಸ್ಪ್ರಿಂಕ್ಲರ್ ರಿಪೇರಿ ಬಿಸಿನೆಸ್‌ಗೆ ಎಸ್‌ಇಒ ಎಲ್ಲಿಂದ ಶುರು ಮಾಡಬೇಕು?

ಲಾನ್ ಸ್ಪ್ರಿಂಕ್ಲರ್ ಕೂರಿಸುವ, ರಿಪೇರಿ ಮಾಡುವ ಕೆಲಸ ನಿಮ್ಮದು. ವೆಬ್‌ಸೈಟ್ ಇದ್ದರೂ ಗೂಗಲ್‌ನಲ್ಲಿ ಕಾಣಿಸುತ್ತಿಲ್ಲ. ಎಸ್‌ಇಒ, ಅಂದರೆ ಹುಡುಕಿದಾಗ ಸೈಟ್ ಮೇಲೆ ಕಾಣುವಂತೆ ಮಾಡುವ ಕೆಲಸ, ಮಾಡಿಕೊಡುವ ಏಜೆನ್ಸಿಯವರು ಮೊದಲ ಸ್ಥಾನ ಗ್ಯಾರಂಟಿ ಅನ್ನುತ್ತಿದ್ದಾರೆ, ದುಡ್ಡು ಕೊಡಲಾ ಅಂತ ಕೇಳಿದ್ದೀರಿ. ಕೊಡಬೇಡಿ. ಆ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲ್ಲೇ ಬರೆದುಕೊಂಡಿದೆ.

ನಾನೂ ಇದೇ ಕೆಲಸದವನು. ಹಗಲು ಪೈಪು, ರಾತ್ರಿ ವೆಬ್‌ಸೈಟು. ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಅನ್ನೋ ಉಚಿತ ಸಾಧನದಲ್ಲಿ ನಿಮ್ಮ ಮುಖಪುಟದ ವಿಳಾಸ ಹಾಕಿ, ಅದು ಗೂಗಲ್‌ನ ಇಂಡೆಕ್ಸ್‌ನಲ್ಲಿ, ಅಂದರೆ ಅದು ಹುಡುಕಿ ತೋರಿಸುವ ಪುಟಗಳ ಪಟ್ಟಿಯಲ್ಲಿ, ಇದೆಯಾ ನೋಡಿ. ನನ್ನ ಸೈಟ್ ತಿಂಗಳುಗಟ್ಟಲೆ ಎಲ್ಲೂ ಕಾಣಿಸಿರಲಿಲ್ಲ. ಕಾರಣ ಏನು ಗೊತ್ತಾ? ಸೈಟ್ ಕಟ್ಟಿದ ಹುಡುಗ ‘ಸರ್ಚ್ ಎಂಜಿನ್‌ಗಳು ಬರುವುದು ಬೇಡ’ ಅನ್ನೋ ಟಿಕ್ ಹಾಗೇ ಬಿಟ್ಟು ಹೋಗಿದ್ದ. ಒಂದು ಟಿಕ್!

ಅದನ್ನು ತೆಗೆದ ಮೇಲೂ ಫೋನ್ ಬರಲಿಲ್ಲ. ತಪ್ಪು ನನ್ನದೇ. ಮುಖಪುಟದಲ್ಲಿ ದೊಡ್ಡದಾಗಿ ‘ಸಮಗ್ರ ನೀರಾವರಿ ಪರಿಹಾರಗಳು’ ಅಂತ ಬರೆಸಿದ್ದೆ. ಹುಲ್ಲು ಒಣಗುತ್ತಿರುವಾಗ ಯಾರಾದರೂ ಇದನ್ನು ಟೈಪ್ ಮಾಡ್ತಾರಾ? ಆಮೇಲೆ ಫೋನ್ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ಕರೆ ಮಾಡಿದವರ ಮೊದಲ ಮಾತನ್ನು ಅವರು ಹೇಳಿದಂತೆಯೇ ಬರೆದುಕೊಂಡೆ. ‘ಒಂದು ಮೂಲೆಗೆ ನೀರೇ ಬೀಳ್ತಿಲ್ಲ.’ ‘ಮೇಲೆ ಬಂದ ಹೆಡ್ಡು ಕೆಳಗೆ ಹೋಗ್ತಿಲ್ಲ.’ ‘ಆಫ್ ಮಾಡಿದ್ರೂ ನೀರು ಸುರೀತಾನೇ ಇದೆ.’ ವಾಲ್ವನ್ನು ಕರೆಂಟ್‌ನಿಂದ ತೆರೆದು ಮುಚ್ಚುವ ಭಾಗಕ್ಕೆ ನಾವು ಹೇಳುವ ಸೊಲೆನಾಯ್ಡ್ ಅನ್ನೋ ಪದ ಒಬ್ಬರ ಬಾಯಲ್ಲೂ ಬರಲಿಲ್ಲ.

ಆ ಒಂದೊಂದು ಮಾತಿಗೂ ಒಂದೊಂದು ಪುಟ ಮಾಡಿ. ತಲೆಬರಹ ಅವರ ಮಾತಿನಲ್ಲೇ ಇರಲಿ, ಕೆಳಗೆ ನಿಮಗೆ ಗೊತ್ತಿರುವುದನ್ನು ಬಚ್ಚಿಡದೆ ಬರೆಯಿರಿ. ಆ ‘ಆಫ್ ಮಾಡಿದ್ರೂ ನೀರು’ ಪುಟದಲ್ಲಿ ನಾನು ಬರೆದದ್ದು ಇಷ್ಟೇ: ತಗ್ಗಿನಲ್ಲಿರುವ ಹೆಡ್‌ನಿಂದ ಮಾತ್ರ ಸ್ವಲ್ಪ ಹೊತ್ತು ನೀರು ಬಂದು ನಿಂತರೆ, ಅದು ಪೈಪಿನಲ್ಲಿ ಉಳಿದ ನೀರು. ಹೀಗೆ ಸೋರುವುದನ್ನು ತಡೆಯುವ ಚೆಕ್ ವಾಲ್ವ್ ಇರುವ ಹೆಡ್ ಹಾಕಿದರೆ ಮುಗೀತು. ಗಂಟೆಗಟ್ಟಲೆ ಜಿನುಗುತ್ತಲೇ ಇದ್ದರೆ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಬಹಳ ಸಲ ವಾಲ್ವ್ ಒಳಗಿನ ಡಯಾಫ್ರಮ್ ಅನ್ನೋ ರಬ್ಬರ್ ಪದರದ ಕೆಳಗೆ ಒಂದು ಮರಳಿನ ಕಣ ಸಿಕ್ಕಿಕೊಂಡಿರುತ್ತದೆ. ಜೊತೆಗೆ ನನ್ನ ಅಂಗೈ ಮೇಲೆ ಆ ಡಯಾಫ್ರಮ್ ಇಟ್ಟು ತೆಗೆದ ಫೋಟೋ ಹಾಕಿದೆ. ಎಲ್ಲ ಹೇಳಿಬಿಟ್ಟರೆ ನಮ್ಮನ್ನು ಯಾರು ಕರೀತಾರೆ ಅಂತ ಅನಿಸಬಹುದು. ಓದಿದವರಲ್ಲಿ ಕೆಲವರು ತಾವೇ ಸರಿಮಾಡಿಕೊಳ್ತಾರೆ, ನಿಜ. ಮಣ್ಣು ಅಗೆಯಲು ಮನಸ್ಸಿಲ್ಲದವರು ಅದೇ ಪುಟದಲ್ಲಿರುವ ನಂಬರ್ ಒತ್ತುತ್ತಾರೆ. ನನಗೆ ಇವತ್ತಿಗೂ ಜಾಸ್ತಿ ಕರೆ ಬರುವುದು ಆ ಪುಟದಿಂದಲೇ.

ಇನ್ನು ಮ್ಯಾಪ್ ಜೊತೆ ಮೇಲೆ ಕಾಣಿಸುವ ಆ ಮೂರು ಹೆಸರುಗಳ ವಿಷಯ. ಅದು ಗೂಗಲ್ ಬಿಸಿನೆಸ್ ಪ್ರೊಫೈಲ್‌ನಿಂದ ಬರುವುದು. ಹುಡುಕಿದ್ದಕ್ಕೆ ನೀವು ಎಷ್ಟು ಹೊಂದುತ್ತೀರಿ, ಎಷ್ಟು ಹತ್ತಿರ ಇದ್ದೀರಿ, ಎಷ್ಟು ಹೆಸರು ಮಾಡಿದ್ದೀರಿ, ಮುಖ್ಯವಾಗಿ ಈ ಮೂರು ನೋಡುತ್ತದೆ. ದೂರ ನಿಮ್ಮ ಕೈಲಿಲ್ಲ. ವರ್ಗ ಕೈಲಿದೆ. ಸುಮ್ನೆ ‘ಲ್ಯಾಂಡ್‌ಸ್ಕೇಪರ್’ ಅಂತ ಬಿಡಬೇಡಿ, ಲಾನ್ ಸ್ಪ್ರಿಂಕ್ಲರ್ ಸಿಸ್ಟಮ್ ಕಾಂಟ್ರಾಕ್ಟರ್ ಅನ್ನುವುದೇ ಮುಖ್ಯ ವರ್ಗವಾಗಿರಲಿ. ಗಿರಾಕಿಗಳು ಬಂದು ಹೋಗುವ ಅಂಗಡಿ ಇಲ್ಲದಿದ್ದರೆ ಮನೆ ವಿಳಾಸ ಮರೆಮಾಡಿ, ಕೆಲಸಕ್ಕೆ ಹೋಗುವ ಜಾಗಗಳನ್ನು ಕೊಡಿ. 20ರವರೆಗೆ ಹಾಕಬಹುದು. ಬಿಸಿನೆಸ್ ಹೆಸರಿಗೆ ‘ಬೆಸ್ಟ್ ಸ್ಪ್ರಿಂಕ್ಲರ್ ರಿಪೇರಿ’ ಅಂತ ಬಾಲ ಅಂಟಿಸಿದರೆ ಪ್ರೊಫೈಲೇ ಅಮಾನತಾಗಬಹುದು.

ರಿವ್ಯೂ ಕೇಳಲು ನಾಚಿಕೆ ಬೇಡ. ಆದರೆ ರಿಯಾಯಿತಿಯ ಆಸೆ ತೋರಿಸಿ ಕೇಳುವುದು, ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದು, ಎರಡೂ ಗೂಗಲ್ ನಿಯಮಕ್ಕೆ ವಿರುದ್ಧ. ಎಲ್ಲ ಜೋನ್ (ಒಂದು ವಾಲ್ವ್‌ನಿಂದ ನಡೆಯುವ ಹೆಡ್‌ಗಳ ಗುಂಪು) ಒಂದು ಸುತ್ತು ಓಡಿಸಿ ತೋರಿಸಿದ ಮೇಲೆ, ಗಿರಾಕಿ ಇನ್ನೂ ಅಲ್ಲೇ ನಿಂತಿರುವಾಗಲೇ ನಾನು ಲಿಂಕ್ ಕಳಿಸುತ್ತೇನೆ. ಮನೆಗೆ ಬಂದು ಕಳಿಸಿದರೆ ಮರೆತೇ ಹೋಗುತ್ತದೆ.

ಒಂದೇ ಪುಟವನ್ನು ಊರ ಹೆಸರು ಮಾತ್ರ ಬದಲಿಸಿ ಹತ್ತಾರು ಸಲ ಹಾಕುವ ಉಪಾಯವನ್ನೂ ಏಜೆನ್ಸಿಯವರು ಹೇಳಿರುತ್ತಾರೆ, ಅಲ್ವಾ? ಗೂಗಲ್ ಅದನ್ನು ಡೋರ್‌ವೇ ಪುಟ ಅಂತ ಕರೆದು ಸ್ಪ್ಯಾಮ್ ಲೆಕ್ಕಕ್ಕೆ ಸೇರಿಸಿದೆ. ಒಂದು ಜಾಗಕ್ಕೆ ಬೇರೆ ಪುಟ ಬೇಕೆಂದರೆ ಅಲ್ಲಿ ಮಾಡಿದ ಕೆಲಸದ ಬಗ್ಗೆ ಬರೆಯಿರಿ: ಮಣ್ಣು ಎಂಥದ್ದು, ನೀರಿನ ಒತ್ತಡ ಎಷ್ಟಿತ್ತು, ಏನು ಬದಲಿಸಿದಿರಿ. ಬರೆಯಲು ಏನೂ ಇಲ್ಲದಿದ್ದರೆ ಪುಟವೂ ಬೇಡ. ಕೀವರ್ಡ್ ಮೆಟಾ ಟ್ಯಾಗ್, ಅಂದರೆ ಓದುಗರಿಗೆ ಕಾಣದಂತೆ ಪುಟದ ಕೋಡ್‌ನಲ್ಲಿ ಹಾಕುವ ಪದಗಳ ಪಟ್ಟಿ, ತುಂಬಿಸಿ ಕೊಡ್ತೀವಿ ಅಂದರೆ ನಕ್ಕು ಬಿಡಿ. ಗೂಗಲ್ ಅದನ್ನು ನೋಡುವುದಿಲ್ಲ ಅಂತ 2009ರಲ್ಲೇ ಹೇಳಿದೆ.

ನಮ್ಮದು ಸೀಸನ್ ಕೆಲಸ ಅನ್ನೋದನ್ನೂ ಮರೆಯಬೇಡಿ. ಚಳಿಗೆ ನೀರು ಹೆಪ್ಪುಗಟ್ಟುವ ಕಡೆ, ಕಂಪ್ರೆಸರ್‌ನಿಂದ ಪೈಪಿನ ನೀರು ಊದಿ ತೆಗೆಯುವ ಕೆಲಸಕ್ಕೆ ಎಲ್ಲರೂ ಒಟ್ಟಿಗೆ ಹುಡುಕುತ್ತಾರೆ. ಪುಟ ಅದಕ್ಕಿಂತ ಎರಡು ಮೂರು ತಿಂಗಳು ಮೊದಲೇ ಇರಬೇಕು. ಸೀಸನ್ ಮುಗಿಯಿತು ಅಂತ ಅಳಿಸಬೇಡಿ, ಮುಂದಿನ ವರ್ಷ ಅದೇ ವಿಳಾಸದಲ್ಲಿ ತಿದ್ದಿ.

ಲಿಂಕ್‌ಗಳನ್ನು ದುಡ್ಡು ಕೊಟ್ಟು ಕೊಳ್ಳಬೇಡಿ. ರೇನ್ ಬರ್ಡ್, ಹಂಟರ್‌ನಂಥ ಕಂಪನಿಗಳ ಸೈಟ್‌ನಲ್ಲಿ ಕಾಂಟ್ರಾಕ್ಟರ್ ಹುಡುಕುವ ಪಟ್ಟಿ ಇರುತ್ತದೆ. ಅವರ ಸಾಮಾನು ಹಾಕುವವರಾದರೆ ಅಲ್ಲಿ ಸೇರಲು ಅರ್ಜಿ ಹಾಕಿ.

ಮೂರು ತಿಂಗಳಾದ ಮೇಲೆ ಸರ್ಚ್ ಕನ್ಸೋಲ್ ಮತ್ತೆ ತೆರೆದು, ಜನ ಯಾವ ಮಾತು ಟೈಪ್ ಮಾಡಿ ನಿಮ್ಮ ಪುಟ ಕಂಡರು ನೋಡಿ. 8ರಿಂದ 20ನೇ ಸ್ಥಾನದಲ್ಲಿ ತೂಗಾಡುತ್ತಿರುವ ಪುಟಗಳನ್ನು ಮೊದಲು ತಿದ್ದಿ. ಆಗ ಏನು ಕಂಡಿತು ಅಂತ ಇಲ್ಲೇ ಬರೆಯಿರಿ, ಒಟ್ಟಿಗೆ ನೋಡೋಣ.